ಬಟೇರ್ ತತ್ತಿ, ಶುಂಠಿ ಪುಡಿ, ಅಪ್ಪನ ಗುಳಿಗಿ

ಪ್ರೀತಿಯ ತಮ್ಮಾ,

ತತ್ತಿ ಪ್ಯಾಕಿಗೆ ಹಚ್ಚಾಕ ನೀ ಮಾಡಿಸಿದ ಚೀಟಿಯ ಫೋಟೋ ನೋಡಿದೆ. ಹಕ್ಕಿ ಚಿತ್ರ ಛಲೋ ಬಂದದ. ‘ಚಿಟಗುಪ್ಪ’ ಅಂತ ಊರ ಹೆಸರು ದಪ್ಪ ಅಕ್ಷರದಾಗ ನೋಡಿ ಮನಸ್ಸು ತುಂಬಿ ಬಂತು. ಆದ್ರ ಅದರ ಕೆಳಗಿನ ಸಾಲು, ‘ಶುಂಠಿ ತಿಂದ ಹಕ್ಕಿ, ಕೊಲೆಸ್ಟ್ರಾಲ್ ಇಲ್ಲದ ತತ್ತಿ’, ಅದನ್ನ ತೆಗೆದು ಆಮ್ಯಾಲ ಅಚ್ಚಿಗೆ ಕೊಡು. ಫೋನಿನ್ಯಾಗ ಇಷ್ಟೆಲ್ಲಾ ಹೇಳಾಕ ಆಗೂದಿಲ್ಲ, ಅದಕ್ಕ ಬರೀಲತ್ತೀನಿ.

ಬಟೇರ್ (ಕ್ವೇಲ್) ತತ್ತಿ ಸಣ್ಣದು, ಹಂಗಾಗಿ ಕೊಲೆಸ್ಟ್ರಾಲೂ ಕಡಿಮಿ ಅಂತ ಮಂದಿ ತಿಳಕೊಂಡಾರ. ತೂಕಕ್ಕ ತೂಕ ಇಟ್ಟು ನೋಡಿದ್ರ ಲೆಕ್ಕ ಉಲ್ಟಾ ಅದ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಾಗ 100 ಗ್ರಾಂ ಕೋಳಿ ತತ್ತಿಗೆ ಸುಮಾರು 372 ಮಿಲಿಗ್ರಾಂ ಕೊಲೆಸ್ಟ್ರಾಲ್, ಅಷ್ಟೇ ತೂಕದ ಬಟೇರ್ ತತ್ತಿಗೆ 844. ಒಂದು ಕೋಳಿ ತತ್ತಿ ತೂಗಬೇಕಂದ್ರ ನಿನ್ನ ಐದು ತತ್ತಿ ಬೇಕು, ಅಂದ್ರ ಕೊಲೆಸ್ಟ್ರಾಲ್ ಎರಡು ಪಟ್ಟಿಗಿಂತ ಹೆಚ್ಚು. ‘ಕೊಲೆಸ್ಟ್ರಾಲ್ ಕಡಿಮೆ’ ಅಂತ ಬರೀಲಿಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಾಗ ಹಾಕಿದ ಮಿತಿ 100 ಗ್ರಾಂಗೆ 20 ಮಿಲಿಗ್ರಾಂ. ‘ಇಲ್ಲ’ ಅಂತ ಬರೀಲಿಕ್ಕೆ ಬರೇ 5. ಶುಂಠಿಯಿಂದ ನೂರಕ್ಕ ಹತ್ತು ಪಾಲು ಇಳೀತು ಅಂತನೇ ಹಿಡಿ. 844 ಹೋಗಿ 760 ಆಗ್ತದ. ಆಗಲೂ ಕೋಳಿ ತತ್ತಿಗಿಂತ ಎರಡು ಪಟ್ಟೇ.

ಹಂಗಂತ ಮೂಲಿಕೆ ಸುಳ್ಳು ಅಂತ ನಾ ಹೇಳೂದಿಲ್ಲ. ಬಳ್ಳೊಳ್ಳಿ ಲಿವರಿನೊಳಗ ಕೊಲೆಸ್ಟ್ರಾಲ್ ತಯಾರಾಗೂದನ್ನ ಸ್ವಲ್ಪ ತಡೀತದ. ಮೆಂತೆಯೊಳಗಿನ ನಾರು ಮತ್ತು ಸಪೋನಿನ್ ಕರುಳಿನ್ಯಾಗ ಪಿತ್ತರಸ ಹಿಡಕೊಂಡು ಹಿಕ್ಕೆ ಜೊತಿ ಹೊರಗ ಹಾಕ್ತಾವ. ಪಿತ್ತರಸ ತಯಾರಾಗೂದು ಕೊಲೆಸ್ಟ್ರಾಲಿನಿಂದಲೇ, ಹಂಗಾಗಿ ಲಿವರ್ ಮತ್ತ ರಕ್ತದಿಂದ ಕೊಲೆಸ್ಟ್ರಾಲ್ ಎಳಕೋಬೇಕಾಗ್ತದ. ಇದನ್ನೆಲ್ಲಾ ಪರೀಕ್ಷಿ ಮಾಡಾಕ ಬಟೇರ್ ಅನುಕೂಲ. 17–18 ದಿನಕ್ಕ ಮರಿ ಆಗ್ತದ, ಆರೇಳು ವಾರಕ್ಕ ತತ್ತಿ ಇಡ್ತದ, ಸ್ವಲ್ಪೇ ತಿಂತದ. ಅದಕ್ಕೇ ಈಜಿಪ್ಟ್, ಇರಾಕ್, ಇರಾನ್, ತುರ್ಕಿಯ ವಿಜ್ಞಾನಿಗಳಿಗೆ ಈ ಹಕ್ಕಿ ಅಂದ್ರ ಅಚ್ಚುಮೆಚ್ಚು. ಶುಂಠಿ, ಅರಿಶಿಣ, ಕಲೋಂಜಿ, ಎಲ್ಲಾ ತಿನ್ನಿಸಿ ನೋಡ್ಯಾರ. ಹಕ್ಕಿಯ ರಕ್ತದಾಗ ಕೊಲೆಸ್ಟ್ರಾಲ್ ಇಳಿದದ್ದು ಬಹಳ ಕಡೆ ಕಂಡದ. ತತ್ತಿಯ ಹಳದಿಯೊಳಗ ಮಾತ್ರ ಒಬ್ಬರಿಗೆ ಇಳಿದ್ರ ಇನ್ನೊಬ್ಬರಿಗೆ ಇಳಿದಿಲ್ಲ.

ಇದರ ಕಾರಣ ನಿನಗ ತಿಳೀಬೇಕು, ನೀ ಹಕ್ಕಿ ಸಾಕೋನು. ಆ ಹಳದಿ ನಮ್ಮ ಸಲುವಾಗಿ ಮಾಡಿದ್ದಲ್ಲ. ಅದು ಹದಿನೇಳು ದಿನ ಚಿಪ್ಪಿನೊಳಗ ಕೂಡೋ ಮರಿಯ ಬುತ್ತಿ. ಮರಿಯ ಮಿದುಳು, ನರ, ಒಂದೊಂದು ಜೀವಕೋಶದ ಪೊರೆ, ಎಲ್ಲಕ್ಕೂ ಕೊಲೆಸ್ಟ್ರಾಲ್ ಬೇಕು. ಹೊರಗಿಂದ ತರಾಕ ದಾರಿನೇ ಇಲ್ಲ, ತಾಯಿ ಮೊದಲೇ ತುಂಬಿಡಬೇಕು. ನೀ ಫೀಡಿನ್ಯಾಗ ಏನೇ ಬೆರೆಸು, ತನ್ನ ಮೈಯಾಗ ಕಡಿಮಿ ಮಾಡಿಕೊಂಡಾಳು, ಮರಿ ಪಾಲು ಅಷ್ಟು ಸುಲಭಕ್ಕ ಮುಟ್ಟಾಕ ಬಿಡೂದಿಲ್ಲ. ನನಗಂತೂ ಇದು ತಿಳಿದಾಗ ಆ ಹಿಡಿಯಷ್ಟಿನ ಹಕ್ಕಿ ಮ್ಯಾಲ ಬಹಳ ಗೌರವ ಬಂತು.

ಶುಂಠಿ ಹಾಕೂದು ನಿಲ್ಲಿಸಬ್ಯಾಡ. ನಮ್ಮ ಬೀದರ ಜಿಲ್ಲೆಯ ಬೆಳಿ ಅದು. ದರ ಬಿದ್ದ ವರ್ಷ ರೈತರು ಹೊಲದಾಗೇ ಬಿಟ್ಟಿದ್ದನ್ನ ನಾವಿಬ್ಬರೂ ನೋಡೀವಿ. ಮಾರಾಟಕ್ಕ ಹೋಗದ ಸಣ್ಣ ಗಡ್ಡಿ ಹಕ್ಕಿ ಹೊಟ್ಟಿಗೆ ಉಪಯೋಗ ಆದ್ರ ಒಳ್ಳೇದೇ. ಹಕ್ಕಿ ದಪ್ಪ ಆಗಲಿ ಅಂತ ಫೀಡಿನ್ಯಾಗ ಆಂಟಿಬಯೋಟಿಕ್ ಬೆರೆಸೂದನ್ನ ಯುರೋಪ್ 2006ರಾಗ ಬಂದ್ ಮಾಡ್ತು, ನಮ್ಮ ಸರಕಾರ 2019ರಾಗ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಸಾಕೋ ಪಶು, ಹಕ್ಕಿಗಳಿಗೆ ಕೊಡೂದನ್ನ ನಿಷೇಧಿಸ್ತು. ಜಗತ್ತು ಮೂಲಿಕೆ ಕಡೆ ತಿರುಗಿದ್ದಕ್ಕ ಅದೂ ಒಂದು ದೊಡ್ಡ ಕಾರಣ. ಹಕ್ಕಿ ಹೊಟ್ಟಿ ನೆಟ್ಟಗಿದ್ದು ಔಷಧಿ ಖರ್ಚು ಉಳಿದ್ರ ಅದೇ ಲಾಭ.

ಆದ್ರ ಅಳತಿ ಇರಲಿ. 100 ಕಿಲೋ ಫೀಡಿಗೆ ಅರ್ಧ ಕಿಲೋ ಶುಂಠಿ ಪುಡಿಯಿಂದ ಶುರು ಮಾಡು, ಒಂದು ಕಿಲೋ ದಾಟಬ್ಯಾಡ. ಮೆಂತೆನೂ ಬೆರೆಸೂದಿದ್ರ, ಅದು ಹೆಚ್ಚಾದ್ರ ಕಹಿಗೆ ಹಕ್ಕಿ ತಿನ್ನೂದೇ ಕಡಿಮಿ ಮಾಡ್ತದ. ಎಲ್ಲಕ್ಕಿಂತ ಮುಖ್ಯ, ಶುಂಠಿ ಪೂರಾ ಒಣಗಿರಬೇಕು. ಮಳಿಗಾಲದಾಗ ಅರೆಹಸಿ ಪುಡಿ ಬೆರೆತ ಫೀಡಿಗೆ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ವಿಷ ಆದ್ರ ಹಕ್ಕಿ ಲಿವರೇ ಕೆಡ್ತದ. ಶುಂಠಿಯಿಂದ ಲಾಭ ಅದನೋ ಇಲ್ಲೋ ತಿಳೀಬೇಕಂದ್ರ, ಒಂದೇ ದಿನ ಮರಿಯಾದ ಹಕ್ಕಿಗಳನ್ನ ಎರಡು ಕೇಜಿಗೆ ಹಂಚು. ಒಂದಕ್ಕ ಶುಂಠಿ ಫೀಡ್, ಇನ್ನೊಂದಕ್ಕ ಬರೇ ಸೋಯಾ ಹಿಂಡಿ, ಮೆಕ್ಕಿಜೋಳದ ಫೀಡ್. ಬೆಳಕು, ನೀರು ಒಂದೇ ಇರಲಿ. ಫೀಡ್ ಎಷ್ಟು ಹೋಯ್ತು, ತತ್ತಿ ಎಷ್ಟು ಬಂತು, ಎಷ್ಟು ಸತ್ತವು, ವಹಿಯೊಳಗ ಬರಿ. ತತ್ತಿ ಪರೀಕ್ಷಿ ಮಾಡಸೂದಿದ್ರ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಾಗ ನಾನೇ ಹೋಗಿ ವಿಚಾರಿಸ್ತೀನಿ.

ಚೀಟಿ ಮ್ಯಾಲ ಏನು ಬರೀಲಿ ಅಂತೀಯಾ? ತತ್ತಿ ಇಟ್ಟ ತಾರೀಖು ಬರಿ. ಹಕ್ಕಿ ಏನು ತಿಂದದ ಅಂತ ಬರಿ. ತೂಕಕ್ಕ ತೂಕ ನೋಡಿದ್ರ ಕೋಳಿ ತತ್ತಿಗಿಂತ ಸುಮಾರು ಎರಡು ಪಟ್ಟು ಕಬ್ಬಿಣದಂಶ ಬಟೇರ್ ತತ್ತಿಯಾಗ ಅದ, ಇದು ಖರೇ ಮಾತು. ಹುಮನಾಬಾದ್ ರಸ್ತೆ ಢಾಬಾದವರು ಚೀಟಿ ಓದಿ ಕೊಳ್ಳೂದಿಲ್ಲ, ತಾಜಾ ಇದ್ರ ಕೊಳ್ತಾರ.

ಇನ್ನ ಅಪ್ಪನ ಮಾತು. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ದಿನಾ ಮುಂಜಾನೆ ಆರೆಂಟು ಬಟೇರ್ ತತ್ತಿ ತಿಂತಾರಂತ, ‘ನನ್ನ ಮಗನ ತತ್ತಿ, ಕೊಲೆಸ್ಟ್ರಾಲ್ ತೊಳೀತದ’ ಅಂತ ಓಣಿ ಮಂದಿಗೆ ಹೇಳ್ತಾರಂತ. ಅವ್ವ ಹೇಳಿದಳು. ಡಾಕ್ಟರ್ ಕೊಟ್ಟ ರಾತ್ರಿ ಗುಳಿಗಿನೂ ಒಮ್ಮೊಮ್ಮೆ ಬಿಡ್ತಾರಂತ. ಗಟ್ಟಿಮುಟ್ಟಾದ ಮನುಷ್ಯನಿಗೆ ದಿನಕ್ಕ ಒಂದು ಕೋಳಿ ತತ್ತಿಯಿಂದ ಹೆದರಿಕಿ ಇಲ್ಲ. ರಕ್ತದಾಗಿನ ಕೆಟ್ಟ ಕೊಲೆಸ್ಟ್ರಾಲ್ ಏರಿಸೂದು ತತ್ತಿಗಿಂತ ಹೆಚ್ಚಾಗಿ ಡಾಲ್ಡಾ, ಬೆಣ್ಣಿ, ಕೊಬ್ಬಿನ ಮಟನ್. ಅಪ್ಪನ ಮಾತೇ ಬ್ಯಾರೆ. ಅವರಿಗೆ ಎಷ್ಟು ತತ್ತಿ ನಡೀತದ ಅಂತ ಡಾಕ್ಟರೇ ಹೇಳಬೇಕು, ಆ ಗುಳಿಗಿ ಮಾತ್ರ ಒಂದು ದಿನಾನೂ ತಪ್ಪಬಾರದು. ನಾ ಹೇಳಿದ್ರ ‘ನೀ ಓದಿದಾಕಿ, ಎಲ್ಲಕ್ಕೂ ಹೆದರ್ತಿ’ ಅಂತಾರ. ಅವರು ನಂಬೂದು ನಿನ್ನನ್ನ, ನಿನ್ನ ಹಕ್ಕಿನ್ನ. ಈ ಪತ್ರ ಮುಟ್ಟಿದ ದಿನಾನೇ ಬಾಜೂ ಕೂತು ನಿನ್ನ ಬಾಯಿಂದಲೇ ಹೇಳು. ಆಮ್ಯಾಲ ನನಗ ಫೋನ್ ಮಾಡು.

ನಿನ್ನ ಅಕ್ಕ,
ಬೀದರ