ಮಗಳಿಗೆ ಮೊದಲೇ ಹೇಳಿಬಿಡಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಬಂತು. ಗರ್ಭಕೋಶದ ಗೆಡ್ಡೆಗೆ ಹೊಟ್ಟೆ ಕೊಯ್ದೇ ಆಪರೇಷನ್ ಆಗಬೇಕಂತೆ. ಅದು ಕ್ಯಾನ್ಸರ್ ಅಲ್ಲವೆಂದು ಡಾಕ್ಟರ್ ಹೇಳಿದ ಮೇಲೂ ನಿಮಗೆ ನಿದ್ದೆ ಬಾರದಿರುವುದು ನಾಲ್ಕು ವರ್ಷದ ಮಗಳನ್ನು ನೆನೆದು. "ಅಮ್ಮ ಊರಿಗೆ ಹೋಗಿದ್ದಾಳೆ ಅಂದ್ರಾಯ್ತು, ಅವಳಿಗ್ಯಾಕೆ ಇದೆಲ್ಲ" ಎಂದು ಮನೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಗಳಿಗೆ ನಿಜ ಹೇಳಿ, ನೀವೇ ಹೇಳಿ.

ಫೋನಿನ ಪಿಸುಮಾತು, ಬ್ಯಾಗ್ ತುಂಬುವುದು, ಅಜ್ಜಿ ದಿಢೀರನೆ ಬಂದಿಳಿಯುವುದು, ಎಲ್ಲವನ್ನೂ ಮಗು ನೋಡುತ್ತಲೇ ಇರುತ್ತದೆ. ಯಾರೂ ಕಾರಣ ಹೇಳದಿದ್ದರೆ ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಎರಡರಿಂದ ಏಳು ವರ್ಷದ ಮಕ್ಕಳು ಜಗತ್ತನ್ನು ತಮ್ಮ ಕಣ್ಣಿನಿಂದಷ್ಟೇ ಅಳೆಯುತ್ತಾರೆಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ವಿವರಿಸಿದ್ದರು. "ನಾನು ಅಮ್ಮನ ಹೊಟ್ಟೆ ಮೇಲೆ ಕುಣಿದಿದ್ದಕ್ಕೇ ಹೀಗಾಯ್ತು" ಎಂದು ಆ ಪುಟ್ಟ ಜೀವ ಒಳಗೊಳಗೇ ಕೊರಗಬಹುದು. ಆದ್ದರಿಂದ ಅವಳು ಕೇಳದಿದ್ದರೂ ಹೇಳಿ: "ಇದು ನಿನ್ನಿಂದ ಆಗಿದ್ದಲ್ಲ, ಯಾರಿಂದಲೂ ಆಗಿದ್ದಲ್ಲ."

ಈ ವಯಸ್ಸಿಗೆ ಮೂರ್ನಾಲ್ಕು ದಿನ ಮುಂಚೆ ಹೇಳಿದರೆ ಸಾಕು. ಮಾತು ಚಿಕ್ಕದಿರಲಿ. "ಅಮ್ಮನ ಹೊಟ್ಟೆಯೊಳಗೆ ಒಂದು ಗಂಟು ಬೆಳೆದಿದೆ. ಡಾಕ್ಟರ್ ಅದನ್ನ ತೆಗೀತಾರೆ. ನಾನು ಸ್ವಲ್ಪ ದಿನ ಆಸ್ಪತ್ರೇಲಿ ಇರ್ತೀನಿ. ಅಜ್ಜಿ ನಿನ್ನ ಹತ್ರ ಮಲಗ್ತಾರೆ, ಅಪ್ಪ ಸ್ಕೂಲಿಗೆ ಬಿಡ್ತಾರೆ." ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅರಿವಳಿಕೆಯನ್ನು ಬರೀ "ನಿದ್ದೆ" ಎನ್ನಬೇಡಿ, ರಾತ್ರಿ ಮಲಗಲು ಹೆದರಿಯಾಳು. "ನೋವು ಗೊತ್ತಾಗದ ಹಾಗೆ ಔಷಧಿ ಕೊಡ್ತಾರೆ, ಎಚ್ಚರ ಆಗೋವರೆಗೂ ಡಾಕ್ಟರ್ ಪಕ್ಕದಲ್ಲೇ ಇರ್ತಾರೆ" ಎನ್ನಿ. ಮನೆಗೆ ಬರುವ ದಿನವನ್ನು ಮಾತ್ರ ಖಚಿತವಾಗಿ ಹೇಳಬೇಡಿ, ಡಿಸ್ಚಾರ್ಜ್ ಒಂದೆರಡು ದಿನ ಮುಂದೆ ಹೋಗುವುದುಂಟು.

ಹೇಳಿದ ಮೇಲೆ ಆಟವಾಡಿ. ಅವಳ ಗೊಂಬೆಯನ್ನು ದಿಂಬಿನ ಮೇಲೆ ಮಲಗಿಸಿ, ಹೊಟ್ಟೆಗೆ ಬ್ಯಾಂಡೇಜು ಸುತ್ತಿ, ಕೈಗೆ ಉಲ್ಲನ್ ದಾರ ಕಟ್ಟಿ "ಡ್ರಿಪ್" ಹಾಕಿಸಿ. ಸೂಜಿ ಚುಚ್ಚುವುದೂ ಅವಳೇ, ಸಮಾಧಾನ ಮಾಡುವುದೂ ಅವಳೇ. ಬಾಯಲ್ಲಿ ಹೇಳಲಾಗದ ಭಯ ಆ ಆಟದಲ್ಲಿ ನಿಮಗೆ ಕಾಣಿಸುತ್ತದೆ. ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡದ ಆಸ್ಪತ್ರೆಗಳು ಬಹಳ. ಮೊದಲೇ ವಿಚಾರಿಸಿಕೊಳ್ಳಿ. ಬಿಡದಿದ್ದರೆ ನೀವು ದಿಂಬಿಗೊರಗಿ ಕೂರುವಷ್ಟಾದ ಮೇಲೆ ವಿಡಿಯೊ ಕಾಲ್ ಮಾಡಿ.

ನಿಜವಾದ ಕಷ್ಟ ಮನೆಗೆ ಬಂದ ಮೇಲೆ. ಇಂಥ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಆರು ವಾರ ಭಾರ ಎತ್ತಬೇಡಿ ಎನ್ನುತ್ತಾರೆ. ನಾಲ್ಕು ವರ್ಷದ ಮಗುವಿನ ತೂಕ ಸುಮಾರು 15 ಕೆ.ಜಿ., ಅಡುಗೆಮನೆಯ ಸಿಲಿಂಡರಿನಲ್ಲಿರುವ ಗ್ಯಾಸಿಗಿಂತ ತುಸು ಹೆಚ್ಚೇ. "ಎತ್ಕೋ" ಎಂದು ಅವಳು ಕೈ ಚಾಚಿದಾಗ ನಿಮ್ಮ ಕರುಳು ಚುರ್ ಎನ್ನುತ್ತದೆ, ಆದರೂ ಎತ್ತಬೇಡಿ. ಇದನ್ನೂ ಮೊದಲೇ ಹೇಳಿ, ಬದಲಿಯನ್ನೂ ಕಲಿಸಿಡಿ. ನೀವು ಹೊಟ್ಟೆಯ ಮೇಲೊಂದು ದಿಂಬಿಟ್ಟುಕೊಂಡು ಕೂರಿ. ಅವಳು ಮಂಚದ ಪಕ್ಕದಿಂದ ಹತ್ತಿ ಬಂದು ನಿಮ್ಮ ಭುಜಕ್ಕೆ ತಲೆಯಿಡಲಿ. ಈಗಿನಿಂದಲೇ ದಿನವೂ ಹಾಗೆ ಕೂತು ಒಂದು ಕಥೆ ಹೇಳಿ, ರೂಢಿಯಾಗಿಬಿಡುತ್ತದೆ. ನೀರಿನ ಲೋಟ, ಬಾಚಣಿಗೆ ತಂದುಕೊಡುವ ಕೆಲಸ ಅವಳದಾಗಲಿ. ಮಾತ್ರೆಗಳು ಮಾತ್ರ ಅವಳ ಕೈಗೆ ಸಿಗದಷ್ಟು ಎತ್ತರದಲ್ಲಿರಲಿ.

ನೀವು ಬಂದ ದಿನ ಅವಳು ಅಜ್ಜಿಯ ಸೆರಗು ಹಿಡಿದು ಮುಖ ತಿರುಗಿಸಿದರೆ ನೊಂದುಕೊಳ್ಳಬೇಡಿ. ತಾಯಿಯಿಂದ ಅಗಲಿದ್ದ ಮಕ್ಕಳು ಹೀಗೆ ಮಾಡುವುದನ್ನು ಬ್ರಿಟನ್ನಿನ ಜಾನ್ ಬೌಲ್ಬಿ, ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲೇ ದಾಖಲಿಸಿದ್ದಾರೆ. ಅದು ಪ್ರೀತಿ ಕಡಿಮೆಯಾದದ್ದಲ್ಲ, ಅಗಲಿಕೆಯ ನೋವು. ಬಿಟ್ಟುಹೋಗಿದ್ದ ಬೆರಳು ಚೀಪುವುದು, ಹಾಸಿಗೆ ಒದ್ದೆ ಮಾಡುವುದು ಮರಳಬಹುದು. ಗದರದಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಶಾಲೆಯ ಮಿಸ್‌ಗೂ ವಿಷಯ ತಿಳಿಸಿಡಿ.

ಇನ್ನೊಂದು ಮಾತು, ನೋಡಲು ಬರುವ ನೆಂಟರಿಗೆ. ಎಳನೀರು, ಮೂಸಂಬಿ ತರಲಿ, ಸಂತೋಷ. "ನಮ್ಮ ಓರಗಿತ್ತಿಗೂ ಹೀಗೇ ಆಗಿ..." ಎಂಬ ಕಥೆ ಮಗುವಿನೆದುರು ಬೇಡ. "ಹಟ ಮಾಡಿದ್ರೆ ಅಮ್ಮ ಮತ್ತೆ ಆಸ್ಪತ್ರೆಗೆ ಹೋಗಿಬಿಡ್ತಾಳೆ" ಎಂಬ ಮಾತಂತೂ ಬೇಡವೇ ಬೇಡ. ತನ್ನಿಂದಲೇ ಅಮ್ಮನಿಗೆ ಹೀಗಾಯಿತೆಂಬ ಭಯವನ್ನು ಅದು ನಿಜ ಮಾಡಿಬಿಡುತ್ತದೆ. ಇದನ್ನು ಬಾಗಿಲಲ್ಲೇ ತಡೆಯುವ ಕೆಲಸ ನಿಮ್ಮ ಯಜಮಾನರಿಗೆ ವಹಿಸಿ.

ಧೈರ್ಯವಾಗಿ ಹೋಗಿ, ಹುಷಾರಾಗಿ ಬನ್ನಿ. ಹೋಗುವಾಗ ಮಗಳು ಮಲಗಿರುವ ಹೊತ್ತು ನೋಡಿ ಕದ್ದು ಹೊರಡಬೇಡಿ. ಅವಳು ಅತ್ತರೂ ಸರಿ, ಹೇಳಿಯೇ ಹೊರಡಿ.

ನಿಮ್ಮ ಗೆಳತಿ