ಬಾಣಂತಿಗೆ ಬ್ರಾಂದಿ ಬೇಡ

ಪ್ರೀತಿಯ ಗೆಳತಿ,

ಸೀಮಂತ ಮುಗಿಸಿಕೊಂಡು ಮಗಳು ಅರಸೀಕೆರೆಗೆ ಬಂದಳೆಂದು ಓದಿ ತುಂಬ ಸಂತೋಷವಾಯಿತು. ಥಂಡಿಯಾಗದಿರಲೆಂದು ಬಾಣಂತನದಲ್ಲಿ ರಾತ್ರಿ ಎರಡು ಚಮಚ ಬ್ರಾಂದಿ ಕೊಡಬೇಕು ಅಂತಾರೆ ಅತ್ತೆಯವರು, ಕೊಡಲೇ ಎಂದು ಕೇಳಿದ್ದೀಯ. ಕೊಡಬೇಡ.

ಅವರು ಪ್ರೀತಿಯಿಂದಲೇ ಹೇಳಿದ್ದಾರೆ. ಹಬ್ಬಕ್ಕೂ ಹೆಂಡ ಮುಟ್ಟದ ಕೆಲವು ಮನೆಗಳಲ್ಲೂ ಬಾಣಂತಿಗೆ ಬ್ರಾಂದಿ ಎಂದರೆ ಮದ್ದು. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ಆದರೆ ಒಳಗಿನ ಶಾಖ ಆ ದಾರಿಯಲ್ಲೇ ಹೊರಟುಹೋಗುತ್ತದೆ.

ರಕ್ತದಲ್ಲಿ ಎಷ್ಟು ಮದ್ಯವಿದೆಯೋ ಎದೆಹಾಲಿನಲ್ಲೂ ಸುಮಾರು ಅಷ್ಟೇ ಇರುತ್ತದೆ. ಒಂದು ಪೆಗ್ ಇಳಿಯಲು ಎರಡು–ಮೂರು ಗಂಟೆ ಬೇಕು. ಹಾಲು ಹಿಂಡಿ ಚೆಲ್ಲಿದರೆ ಅದು ಬೇಗ ಹೋಗುವುದಿಲ್ಲ. ಹಾಲು ಹೆಚ್ಚುತ್ತದೆ ಎಂಬ ಮಾತನ್ನಂತೂ ನಂಬಬೇಡ: ಹಾಲನ್ನು ಇಳಿಸುವ ಆಕ್ಸಿಟೋಸಿನ್ ತಗ್ಗಿ, ಕೂಸಿಗೆ ಸಿಗುವುದೇ ಕಡಿಮೆಯಾಗುತ್ತದೆ. ನನಗೆ ಇನ್ನೂ ಹೆಚ್ಚಿನ ಭಯ ಬೇರೆ. ನಮ್ಮಲ್ಲಿ ತಾಯಿ–ಮಗು ಮಲಗುವುದು ಒಂದೇ ಹಾಸಿಗೆಯಲ್ಲಿ; ಅಮಲಿನ ನಿದ್ದೆಯಲ್ಲಿ ಮೈ ಹೊರಳಿದರೆ ಕೂಸಿನ ಉಸಿರು ಕಟ್ಟಬಹುದು. ನೆಗಡಿಗೆಂದು ಮಗುವಿನ ನಾಲಗೆಗೆ ಒಂದು ಹನಿಯನ್ನೂ ಯಾರೂ ಮುಟ್ಟಿಸದಿರಲಿ. ದಶಮೂಲಾರಿಷ್ಟದ ಬಾಟಲಿಯನ್ನೂ ಓದಿ ನೋಡು, ಹುದುಗಿಸುವಾಗ ತಾನಾಗಿ ಹುಟ್ಟುವ ಮದ್ಯ ಅದರಲ್ಲಿದೆ. ವೈದ್ಯರನ್ನು ಕೇಳದೆ ಕೊಡಬೇಡ. ಮೈ ಬೆಚ್ಚಗಿಡಲು ನಿಮ್ಮೂರಿನ ಕೊಬ್ಬರಿ ಹಾಕಿದ ಅಂಟಿನುಂಡೆ, ಮೆಣಸಿನ ಸಾರು, ಒಂದು ಒಳ್ಳೆಯ ಕಂಬಳಿ ಸಾಕು.

ಇನ್ನು ತೋಟಕ್ಕೆ ಕೂಲಿಗೆ ಬರುವ ಆ ಹುಡುಗಿ. ಐದು ತಿಂಗಳ ಬಸುರಿ, ಸಂಜೆ ಗಂಡನ ಜೊತೆ ಕುಡಿಯುತ್ತಾಳೆ ಎಂದು ಬರೆದಿದ್ದೀಯ. ಅವಳ ಯೋಚನೆ ನನ್ನನ್ನು ಬಿಡುತ್ತಿಲ್ಲ. ತಾಯಿ ಕುಡಿದದ್ದು ಮಾಸು ದಾಟಿ ಮಗುವಿನ ರಕ್ತ ಸೇರುತ್ತದೆ, ಅದನ್ನು ಅರಗಿಸುವಷ್ಟು ಮಗುವಿನ ಯಕೃತ್ತು ಬಲಿತಿರುವುದಿಲ್ಲ. ವಿಪರೀತ ಕುಡಿದ ತಾಯಂದಿರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ, ಸಣ್ಣ ತಲೆ, ವಿಶಿಷ್ಟ ಮುಖಚಹರೆಗಳನ್ನು ಅಮೆರಿಕದ ಜೋನ್ಸ್ ಮತ್ತು ಸ್ಮಿತ್ 1973ರಲ್ಲೇ ಗುರುತಿಸಿ ಬರೆದರು. ಮುಖ ನೋಡಿದರೆ ಏನೂ ತಿಳಿಯದ ಮಕ್ಕಳಿಗೂ ಕಲಿಕೆ, ನೆನಪು, ಗಮನದ ತೊಂದರೆ ಜೀವನಪೂರ್ತಿ ಉಳಿಯಬಹುದು. ಇಷ್ಟು ಕುಡಿದರೆ ಅಡ್ಡಿಯಿಲ್ಲ ಎಂಬ ಅಳತೆ ಯಾವ ತಿಂಗಳಿಗೂ ಇಲ್ಲ.

ಆದರೂ ಅವಳನ್ನು ಬೈಯಬೇಡ. ಮಿದುಳು ಹೆರಿಗೆಯವರೆಗೂ ಬೆಳೆಯುತ್ತಲೇ ಇರುತ್ತದೆ, ಈಗ ಬಿಟ್ಟರೂ ಮಗುವಿಗೆ ಲಾಭವೇ. ದಿನಾ ಹೆಚ್ಚು ಕುಡಿಯುವವಳಾದರೆ ಒಮ್ಮೆಲೇ ನಿಲ್ಲಿಸಿದಾಗ ನಡುಕ, ಫಿಟ್ಸ್ ಬರಬಹುದು. ಅದು ತಾಯಿ–ಮಗು ಇಬ್ಬರಿಗೂ ಅಪಾಯ. ಹಾಗಾಗಿ ಆಶಾ ಕಾರ್ಯಕರ್ತೆಗೆ ಗುಟ್ಟಾಗಿ ತಿಳಿಸಿ, ತಾಯಿ ಕಾರ್ಡ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ನೀನೇ ಜೊತೆಗೆ ಹೋಗು. ಗಂಡನನ್ನೂ ಕರೆದುಕೊಂಡು ಹೋಗು, ಅವನು ಮನೆಗೆ ಬಾಟಲಿ ತರುತ್ತಿದ್ದರೆ ಅವಳೊಬ್ಬಳೇ ಬಿಡುವುದು ಬಹಳ ಕಷ್ಟ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೋಗಿ ಬಂದ ಮೇಲೆ ಬರೆ.

ನಿನ್ನ ಗೆಳತಿ