ಪದಕೋಶದ ಒಂದು ಸಾಲು

ಶಿಬಿರದ ಸಂಯೋಜಕರು ಕಳುಹಿಸಿದ ಇಂಗ್ಲಿಷ್ ಕೈಪಿಡಿಯ ಕೊನೆಯಲ್ಲಿ ಎರಡು ಪುಟಗಳ ಪದಕೋಶವಿತ್ತು. ಬಸದಿಗೆ ಟೆಂಪಲ್, ನಿಷಿಧಿಗೆ ಟೂಂಬ್, ಸಲ್ಲೇಖನಕ್ಕೆ ಫಾಸ್ಟಿಂಗ್ ಅಂಟು ಡೆತ್. ತಿದ್ದಬೇಕಾದ್ದಿದ್ದರೆ ತಿಳಿಸಿ ಎಂದು ಕೇಳಿದ್ದರು. ನಾನು ಎರಡು ಅಚ್ಚಿನ ತಪ್ಪುಗಳನ್ನಷ್ಟೇ ಗುರುತಿಸಿ ಮರಳಿಸಿದೆ.

ಜೈನ ಅಧ್ಯಯನಕ್ಕೆಂದು ಹೊರದೇಶದ ವಿದ್ಯಾರ್ಥಿಗಳನ್ನು ಕರೆಸಿ ಕೆಲವೇ ವಾರಗಳಲ್ಲಿ ಇಂಗ್ಲಿಷಿನ ಮೂಲಕ ಪಾಠ ಹೇಳುವ ಶಿಬಿರಗಳಲ್ಲಿ 2005ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಬೇಸಿಗೆ ಶಾಲೆ ಹೆಸರಾದುದು. ಮೈಸೂರಿನ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಕನ್ನಡ ತರಗತಿಗಳದು ಬೇರೆ ದಾರಿ. ಅಲ್ಲಿ ಬಂದವರು ಮೊದಲು ಭಾಷೆಯನ್ನೇ ಕಲಿಯುತ್ತಾರೆ. ನಾನು ಹೇಳಹೊರಟಿರುವುದು ಮೊದಲನೆಯ ಬಗೆಯ ಒಂದು ಸಣ್ಣ ಶಿಬಿರದ ಸಂಗತಿ. ಒಂಬತ್ತು ವಿದ್ಯಾರ್ಥಿಗಳು, ನಮ್ಮ ಗಡಿಭಾಗಕ್ಕೆ ಮೂರು ದಿನ. ಬೆಳಿಗ್ಗೆ ಎರಡು ಗಂಟೆ ಉಪನ್ಯಾಸ, ಆಮೇಲೆ ತಿರುಗಾಟ: ನಿಪ್ಪಾಣಿಯ ಬಳಿಯ ಸ್ತವನಿಧಿ, ಸದಲಗಾ, ಶೇಡಬಾಳ, ಕಾಗವಾಡ.

ಕನ್ನಡದ ಮೇಷ್ಟರಾದ ನನಗೆ ಇಂಗ್ಲಿಷ್ ಬಂದದ್ದು ಮರಾಠಿಯ ಮೂಲಕ. ತಂದೆಯವರ ಟ್ರಂಕಿನಲ್ಲಿದ್ದ ತರ್ಖಡಕರರ ಭಾಷಾಂತರ ಪಾಠಮಾಲೆಯೇ ನನ್ನ ಮೊದಲ ಗುರು. ಹೀಗೆ ಎರಡು ಹೊಳೆ ದಾಟಿ ಬಂದ ಇಂಗ್ಲಿಷಿನಲ್ಲಿ ವ್ಯಾಕರಣ ತಪ್ಪುವುದಿಲ್ಲ, ಧೈರ್ಯ ಮಾತ್ರ ಸಾಲುವುದಿಲ್ಲ. ಅಚ್ಚಾಗಿ ಬಂದ ಪದವನ್ನು ಪ್ರಶ್ನಿಸುವ ಧೈರ್ಯವಂತೂ ಇರಲೇ ಇಲ್ಲ.

ಮೂರನೆಯ ದಿನ ಕಾಗವಾಡದ ಬಸದಿಯ ನೆಲಮಾಳಿಗೆಗೆ ಇಳಿದೆವು. ಯಾಪನೀಯ ಸಂಘದ ಮುನಿಗಳನ್ನು ಹೆಸರಿಸುವ 1394ರ ಶಾಸನದಿಂದಾಗಿ ಸಂಶೋಧಕರಿಗೆ ಪರಿಚಿತವಾದ ತಾಣವಿದು. ಶಿವಾರ್ಯನ ಪ್ರಾಕೃತ ‘ಭಗವತೀ ಆರಾಧನಾ’ವನ್ನು ಹಲವು ವಿದ್ವಾಂಸರು ಈ ಯಾಪನೀಯ ಪರಂಪರೆಗೇ ಸೇರಿಸುತ್ತಾರೆ. ಸಾವನ್ನು ಸಮಾಧಾನದಿಂದ ಎದುರುಗೊಳ್ಳುವ ಬಗೆಯನ್ನು ವಿಸ್ತಾರವಾಗಿ ಹೇಳುವ ಗ್ರಂಥವದು. ನಮ್ಮ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಬೇರು ಇರುವುದೂ ಆ ಆರಾಧನಾ ಸಾಹಿತ್ಯದಲ್ಲೇ. ಈ ನಂಟನ್ನು ವಿವರಿಸುತ್ತ, ಪದಕೋಶದ ಸಾಲನ್ನು ಹಾಗೆಯೇ ಒಪ್ಪಿಸಿ, ನಮ್ಮ ಸೋದರತ್ತೆಯೂ ಹೀಗೆಯೇ ದೇಹ ಬಿಟ್ಟಳೆಂದು ಸೇರಿಸಿದೆ.

ಹಿಂದೆ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ನೀವು ತಡೆಯಲಿಲ್ಲವೇ?’

ಕೇಳುವುದರಲ್ಲಿ ಒರಟುತನವಿರಲಿಲ್ಲ. ನಾನು ಕೊಟ್ಟ ಪದಕ್ಕೆ ಸಹಜವಾಗಿ ಹುಟ್ಟುವ ಪ್ರಶ್ನೆಯದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾವನ್ನು ಆತ್ಮಹತ್ಯೆಯೆಂದೇ ಎಣಿಸಿತ್ತು. ಅದೇ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಇದನ್ನು ಹೇಳಿ ಜಾರಿಕೊಂಡೆ. ಅವಳು ಕೇಳಿದ್ದು ಮಾತ್ರ ನ್ಯಾಯಾಲಯದ ವಿಚಾರವನ್ನಲ್ಲ.

ತಡೆಯಲು ಹೋದದ್ದು ನಿಜ. ಅತ್ತೆಗೆ ಆಗ ಎಂಬತ್ತೆರಡು, ನುಂಗುವುದೇ ಕಷ್ಟವಾಗಿತ್ತು. ಮಿರಜಿನ ವೈದ್ಯರು ನೋಡಿ, ಇನ್ನು ಮನೆಯಲ್ಲೇ ಇರಲಿ ಎಂದಿದ್ದರು. ಆದರೂ ನಾನು ಇನ್ನೊಮ್ಮೆ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದೆ. ‘ಗಾಡಿ ತಿರುಗಿ ಕಳಸು ತಮ್ಮಾ, ಮಿರಜಿ ನೋಡಿ ಬಂದೀನಿ’ ಎಂದಳು. ಕಳಿಸಿದೆ. ಸರಿಯೋ ತಪ್ಪೋ ಎಂದು ಆ ರಾತ್ರಿ ಎಷ್ಟು ಹೊರಳಾಡಿದೆನೋ! ಪಿಎಚ್.ಡಿ.ಗೆಂದು ಓದಿದ ಗ್ರಂಥಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ.

ನೆರವಿಗೆ ಬರದಿದ್ದರೂ, ಅತ್ತೆ ನಡೆದದ್ದು ಗ್ರಂಥದ ದಾರಿಯಲ್ಲೇ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಪರಿಹಾರವಿಲ್ಲದ ಉಪಸರ್ಗ, ಬರ, ಮುಪ್ಪು, ರೋಗಗಳಲ್ಲಿ ಮಾತ್ರ ಈ ವ್ರತವನ್ನು ಹೇಳುತ್ತದೆ. ಅಲ್ಲಿ ಅನ್ನ ಬಿಡುವುದು ಮೊದಲ ಮೆಟ್ಟಿಲಲ್ಲ. ಮೊದಲು ಸ್ನೇಹವೈರಗಳನ್ನು ಬಿಡಬೇಕು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ತಾನೂ ಕ್ಷಮೆ ಬೇಡಬೇಕು. ಊಟದ ಮಾತು ಆಮೇಲೆ, ಅದೂ ಕ್ರಮಕ್ರಮವಾಗಿ. ಸಲ್ಲೇಖನದ ‘ಲೇಖನ’ ಎಂದರೆ ಕೆರೆದು ತೆಳುಗೊಳಿಸುವುದು. ದೇಹದ ಜೊತೆಗೆ ಕಷಾಯಗಳೂ ತೆಳುವಾಗಬೇಕು.

ಅತ್ತೆ ಓದು ಬಾರದವಳು. ರೊಟ್ಟಿ ಬಿಡುವ ಮುನ್ನ ಅವಳು ಕರೆಸಿದ್ದು ದಾಯಾದಿ ಮನೆಯ ಹಿರಿಯನನ್ನು. ಜಂಟಿ ಬಾವಿಯ ನೀರಿನ ಪಾಳಿಗಾಗಿ ಎರಡೂ ಮನೆಗಳ ನಡುವೆ ಇಪ್ಪತ್ತು ವರ್ಷ ಮಾತಿರಲಿಲ್ಲ. ಅವಳ ನಾಲಿಗೆಯೂ ಕಡಿಮೆ ಹರಿತದ್ದಲ್ಲ. ‘ನನ್ನ ಕಡಿಂದ ತಪ್ಪಾಗೇತಿ, ಹೊಟ್ಯಾಗ ಹಾಕ್ಕೋ’ ಎಂದು ಕೈಮುಗಿದಳು. ಆತ ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟ. ಆಮೇಲೆ ಮಜ್ಜಿಗೆ, ಆಮೇಲೆ ಬಿಸಿನೀರು, ಹದಿನೇಳನೆಯ ದಿನ ಅದೂ ನಿಂತಿತು.

‘ಆಮರಣ ಉಪವಾಸ’ ಎಂದರೆ ಕನ್ನಡ ಪತ್ರಿಕೆ ಓದುವವರಿಗೆ ಏನು ನೆನಪಾಗುತ್ತದೆ? ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಪೆಂಡಾಲು. ಎದುರಾಳಿಯನ್ನು ಮಣಿಸುವುದು ಆ ಉಪವಾಸದ ಗುರಿ, ಬೇಡಿಕೆ ಈಡೇರಿದರೆ ಅದು ಮುಗಿಯುತ್ತದೆ. ಅತ್ತೆಗೆ ಬೇಡಿಕೆಯೇ ಇರಲಿಲ್ಲ, ಇದ್ದೊಬ್ಬ ಎದುರಾಳಿಯನ್ನೂ ಕರೆಸಿ ಕಳಕೊಂಡಿದ್ದಳು. ಇಂಗ್ಲಿಷಿನ ಆ ಮೂರು ಪದಗಳಲ್ಲಿ ಅನ್ನವೂ ಸಾವೂ ಉಳಿದು ಬಾವಿಯ ಕಥೆ ಬಿದ್ದುಹೋಗುತ್ತದೆ.

ಇಂಗ್ಲಿಷಿನದೇ ದೋಷವೆಂದು ಹೇಳಿ ಕೈತೊಳೆದುಕೊಳ್ಳಲೂ ಆಗದು. ಕಾಗವಾಡದಿಂದ ದೂರವಿಲ್ಲದ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿದ್ದುಕೊಂಡು ಹರಿಷೇಣನ ‘ಬೃಹತ್ಕಥಾಕೋಶ’ಕ್ಕೆ ಸುದೀರ್ಘವಾದ ಇಂಗ್ಲಿಷ್ ಪ್ರಸ್ತಾವನೆ ಬರೆದರು, ಅದು 1943ರಲ್ಲಿ ಅಚ್ಚಾಯಿತು. ಆರಾಧನಾ ಸಾಹಿತ್ಯವನ್ನೂ ವಡ್ಡಾರಾಧನೆಯನ್ನೂ ಅಲ್ಲಿ ಅವರು ಚರ್ಚಿಸಿದ ತಾಳ್ಮೆಯನ್ನು ಇಂದಿನ ಸಂಶೋಧಕರು ಒಮ್ಮೆ ನೋಡಬೇಕು. ಆ ತಾಳ್ಮೆಗೆ ಪುಟಗಳು ಬೇಕು. ಮೂರು ದಿನಗಳ ಶಿಬಿರದಲ್ಲಿ ಒಂದು ಪದಕ್ಕೆ ದೊರೆಯುವುದು ಒಂದು ಸಾಲು.

ಮರುದಿನ ಅವರ ಬಸ್ಸು ಹೊರಡುವ ಮುನ್ನ ಆ ವಿದ್ಯಾರ್ಥಿನಿಯನ್ನು ಕರೆದು ಇದನ್ನೆಲ್ಲ ಹೇಳಿದೆ. ತಡವರಿಸಿದೆ, ‘ಪಾಳಿ’ಗೆ ಪದ ಸಿಗದೆ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಅವಳು ಬರೆದುಕೊಂಡಳು. ಒಪ್ಪಿದಳೆಂದು ನನಗನಿಸಲಿಲ್ಲ. ಒಪ್ಪಿಸುವುದಕ್ಕಾಗಿ ಹೇಳಿದ್ದೂ ಅಲ್ಲ. ಮುಂದಿನ ವರ್ಷದ ಕೈಪಿಡಿ ಬಂದಾಗ ಆ ಸಾಲನ್ನು ಹೊಡೆದುಹಾಕಿ, ನಿಪ್ಪಾಣಿಯ ತಂಬಾಕು ಪೇಟೆಯ ಭೇಟಿಯನ್ನು ಕೈಬಿಟ್ಟು ಆ ಎರಡು ಗಂಟೆಗಳನ್ನು ನನಗೆ ಕೊಡಿ ಎಂದು ಸಂಯೋಜಕರಿಗೆ ಬರೆದೆ. ಒಂದು ಗಂಟೆ ಕೊಟ್ಟರು.

ಬಸ್ಸು ಹತ್ತುವಾಗ ಅವಳು ತಿರುಗಿ ಕೇಳಿದಳು: ‘ಈಗ ಬಾವಿಯ ನೀರು ಯಾರಿಗೆ?’

‘ವಾರದಲ್ಲಿ ಮೂರು ದಿನ ನಮಗೆ, ನಾಲ್ಕು ದಿನ ಅವರಿಗೆ’ ಎಂದೆ.